ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದ ಹುಡುಗ

ಮೈಕೆಲ್ ಫ್ಯಾರಡೆ ಅನ್ನೋ ಹೆಸರು ನಮಗ್ಯಾರಿಗೂ ಹೊಸದಲ್ಲ. ಪಿಯುಸಿಯಲ್ಲಿ ಅವನ ನಿಯಮವನ್ನ ಬಾಯಿಪಾಠ ಮಾಡಿದ್ದೇವೆ. ಮೊದಲ ವರ್ಷದ ಎಲೆಕ್ಟ್ರಿಕಲ್ ಪೇಪರಿನಲ್ಲಿ ಅದನ್ನೇ ಇನ್ನೊಂದು ಸಲ ಬರೆದಿದ್ದೇವೆ. ಕೆಪಾಸಿಟರ್ ಮೇಲೆ ಮೈಕ್ರೋಫ್ಯಾರಡ್ ಅಂತ ಅಚ್ಚಾಗಿರೋದನ್ನ ಲ್ಯಾಬಿನಲ್ಲಿ ದಿನಾ ನೋಡ್ತೇವೆ. ನಾಲ್ಕು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆ ಮನುಷ್ಯ ಎಲ್ಲಿಂದ ಬಂದ, ಇದನ್ನೇ ಯಾಕೆ ಹಿಡಿದ ಅನ್ನೋದನ್ನ ಮಾತ್ರ ಯಾರೂ ನಮಗೆ ಕೇಳಿಲ್ಲ, ನಾವೂ ಕೇಳಿಕೊಂಡಿಲ್ಲ.

ಈ ಸಲ ಅವನ ಬಗ್ಗೆ ಬರೆಯೋಕೆ ಒಂದು ಕಾರಣ ಇದೆ. ಕಾಲೇಜಿಗೆ ಭಾಷಣಕ್ಕೆ ಬಂದವರೆಲ್ಲ ಪ್ಯಾಷನ್ ಹುಡುಕಿಕೊಳ್ಳಿ ಅಂತ ಹೇಳಿ, ಶಾಲು ಹಾರ ಹಾಕಿಸಿಕೊಂಡು ಹೊರಟುಹೋಗ್ತಾರೆ. ಎಲ್ಲಿ ಹುಡುಕಬೇಕು, ಸಿಕ್ಕಿದ ಮೇಲೆ ಏನು ಮಾಡಬೇಕು ಅನ್ನೋದು ಭಾಷಣದಲ್ಲಿ ಇರೋದಿಲ್ಲ. ಸಿಇಟಿ ರ‍್ಯಾಂಕು ಕೊಟ್ಟ ಬ್ರಾಂಚಿಗೆ ಸೇರಿದ ನಮ್ಮಲ್ಲಿ ಅರ್ಧ ಜನಕ್ಕೆ ಆ ಮಾತು ಕೇಳಿದಾಗ ಉತ್ಸಾಹಕ್ಕಿಂತ ಭಯವೇ ಜಾಸ್ತಿ ಆಗುತ್ತೆ. ಪ್ಯಾಷನ್ ಅಂದ್ರೆ ಎಲ್ಲೋ ಬಿದ್ದಿರೋ ವಸ್ತು, ಬೇರೆಯವರಿಗೆಲ್ಲ ಆಗಲೇ ಸಿಕ್ಕಿಬಿಟ್ಟಿದೆ, ನಮಗೊಬ್ಬರಿಗೇ ಇನ್ನೂ ಸಿಕ್ಕಿಲ್ಲ ಅನ್ನೋ ಹಾಗೆ. ನಮ್ಮ ಕನ್ನಡದಲ್ಲಿ ಇದಕ್ಕೆ ಹುಚ್ಚು ಅಂತೀವಿ, ಗೀಳು ಅಂತೀವಿ. ಹುಚ್ಚನ್ನ ಯಾರೂ ಹುಡುಕಿಕೊಂಡು ಹೋಗಲ್ಲ, ಅದಾಗೇ ಹಿಡಿಯುತ್ತೆ. ಫ್ಯಾರಡೆಗೆ ಹಿಡಿದದ್ದೂ ಹಾಗೇ, ಅದೂ ವಿಜ್ಞಾನಕ್ಕೆ ಏನೇನೂ ಸಂಬಂಧ ಇಲ್ಲದ ಜಾಗದಲ್ಲಿ.

ಅವನು ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಇವತ್ತು ಲಂಡನ್ ಒಳಗೇ ಸೇರಿಹೋಗಿರೋ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ. ಅಪ್ಪ ಜೇಮ್ಸ್ ಕಮ್ಮಾರ. ಉತ್ತರ ಇಂಗ್ಲೆಂಡಿನಿಂದ ಕೆಲಸ ಹುಡುಕಿಕೊಂಡು ಲಂಡನ್ನಿಗೆ ಬಂದವನು. ಆರೋಗ್ಯ ಕೈಕೊಟ್ಟು ಕುಲುಮೆ ಕೆಲಸ ಸರಿಯಾಗಿ ಮಾಡೋಕೆ ಆಗ್ತಿರಲಿಲ್ಲ. ನಾಲ್ಕು ಮಕ್ಕಳಲ್ಲಿ ಮೈಕೆಲ್ ಮೂರನೆಯವನು. 1801ರ ಸುಮಾರಿಗೆ ಧಾನ್ಯದ ಬೆಲೆ ಏರಿದಾಗ ಇವನ ಪಾಲಿಗೆ ವಾರಕ್ಕೆ ಒಂದು ಬ್ರೆಡ್ಡು ಸಿಗ್ತಿತ್ತಂತೆ, ಅಷ್ಟರಲ್ಲೇ ಏಳು ದಿನ ದೂಡಬೇಕು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಸ್ವಲ್ಪ ಲೆಕ್ಕ. ಹದಿಮೂರು ತುಂಬೋ ಹೊತ್ತಿಗೆ ಅದೂ ಮುಗೀತು.

1804ರಲ್ಲಿ ಬ್ಲಾಂಡ್‌ಫರ್ಡ್ ಬೀದಿಯ ಜಾರ್ಜ್ ರೀಬೋ ಎಂಬಾತನ ಪುಸ್ತಕದಂಗಡಿಗೆ ಓಡಾಟದ ಹುಡುಗನಾಗಿ ಸೇರಿದ. ಆಗ ಪೇಪರು ದುಬಾರಿ, ಹಾಗಾಗಿ ಜನ ಬಾಡಿಗೆಗೆ ತರಿಸಿಕೊಂಡು ಓದ್ತಿದ್ರು. ಬೆಳಿಗ್ಗೆ ಮನೆಮನೆಗೆ ಪೇಪರು ಕೊಡೋದು, ಓದಿದ ಮೇಲೆ ವಾಪಸ್ ಇಸ್ಕೊಂಡು ಮುಂದಿನ ಮನೆಗೆ ಒಯ್ಯೋದು ಇವನ ಕೆಲಸ. ವರ್ಷ ಕಳೆದ ಮೇಲೆ ರೀಬೋ ಇವನನ್ನ ಏಳು ವರ್ಷದ ಕರಾರಿನ ಮೇಲೆ ಬೈಂಡಿಂಗ್ ಕಲಿಯೋಕೆ ಇಟ್ಟುಕೊಂಡ. ಕಸುಬು ಕಲಿಸೋಕೆ ಸಾಮಾನ್ಯವಾಗಿ ತೆಗೆದುಕೊಳ್ತಿದ್ದ ಹಣವನ್ನ ಇವನಿಂದ ಕೇಳಲಿಲ್ಲ, ಹುಡುಗ ನಿಯತ್ತಾಗಿ ದುಡಿದಿದ್ದಾನೆ ಅನ್ನೋ ಕಾರಣಕ್ಕೆ.

ಈ ರೀಬೋ ಬಗ್ಗೆ ನಮಗೆ ವಿಶೇಷ ಪ್ರೀತಿ. ಅವನ ಹತ್ತಿರ ಕಲಿಯುತ್ತಿದ್ದ ಬೇರೆ ಇಬ್ಬರು ಹುಡುಗರಲ್ಲಿ ಒಬ್ಬ ಮುಂದೆ ಗಾಯಕನಾದ, ಇನ್ನೊಬ್ಬ ಹಾಸ್ಯನಟನಾದ ಅಂತಾರೆ. ಮೂರೂ ಜನ ಬೈಂಡಿಂಗ್ ಬಿಟ್ಟುಹೋದರು ಅಂದ್ರೆ ಮಾಲೀಕನ ಲೆಕ್ಕದಲ್ಲಿ ಅದು ನಷ್ಟವೇ. ಆದ್ರೆ ಕೆಲಸ ಮುಗಿದ ಮೇಲೆ ಹುಡುಗರು ಏನು ಓದ್ತಾರೆ, ಏನು ಮಾಡ್ತಾರೆ ಅಂತ ಅವನು ತಡೆಯಲಿಲ್ಲ.

ರಟ್ಟು ಹಾಕೋಕೆ ಬಂದ ಪುಸ್ತಕಗಳನ್ನ ಹುಡುಗ ಹೊಲಿಯೋ ಮುಂಚೆ ಓದೋಕೆ ಶುರು ಮಾಡಿದ. ಹಾಗೆ ಒಂದು ದಿನ ಕೈಗೆ ಬಂದದ್ದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಒಂದು ಸಂಪುಟ, ಅದರಲ್ಲಿ ವಿದ್ಯುತ್ತಿನ ಮೇಲಿದ್ದ ದೊಡ್ಡ ಲೇಖನ. ಇನ್ನೊಂದು, ಜೇನ್ ಮಾರ್ಸೆಟ್ ಎಂಬ ಮಹಿಳೆ ರಸಾಯನಶಾಸ್ತ್ರದ ಬಗ್ಗೆ ಮಾತುಕತೆಯ ರೂಪದಲ್ಲಿ ಬರೆದ ಪುಸ್ತಕ. ಮುಖ್ಯವಾಗಿ ಹೆಣ್ಣುಮಕ್ಕಳು ಓದಲಿ ಅಂತ ಬರೆದದ್ದು, ಮೊದಮೊದಲು ಅದರ ಮೇಲೆ ಲೇಖಕಿಯ ಹೆಸರು ಕೂಡ ಇರಲಿಲ್ಲ. ಎಷ್ಟೋ ವರ್ಷ ಆದಮೇಲೆ, ತಾನು ದೊಡ್ಡ ವಿಜ್ಞಾನಿಯಾದಾಗಲೂ, ಫ್ಯಾರಡೆ ತನ್ನ ಪ್ರಬಂಧಗಳನ್ನ ಆಕೆಗೆ ಕಳಿಸ್ತಿದ್ದ.

ಓದಿದ್ದನ್ನ ಹಾಗೇ ನಂಬಿಬಿಡೋ ಜಾಯಮಾನ ಅವನದಲ್ಲ. ಪುಸ್ತಕದಲ್ಲಿ ಬರೆದಿರೋ ಪ್ರಯೋಗ ನಿಜವಾಗಿ ಆಗುತ್ತಾ ಅಂತ ಮಾಡಿ ನೋಡಬೇಕು, ಅಷ್ಟೇ. ಕೈಯಲ್ಲಿ ಕಾಸಿಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಗಾಜಿನ ಸೀಸೆಯಿಂದ ಸ್ಥಿರವಿದ್ಯುತ್ತಿನ ಯಂತ್ರ ಕಟ್ಟಿಕೊಂಡ. 1812ರಲ್ಲಿ ಏಳು ಅರ್ಧ ಪೆನ್ನಿ ನಾಣ್ಯ, ಏಳು ಸತುವಿನ ಬಿಲ್ಲೆ, ಉಪ್ಪುನೀರಿನಲ್ಲಿ ಅದ್ದಿದ ಆರು ಕಾಗದದ ಚೂರು ಒಂದರ ಮೇಲೊಂದು ಇಟ್ಟು ಬ್ಯಾಟರಿ ಮಾಡಿ, ಅದರಿಂದ ರಾಸಾಯನಿಕವೊಂದನ್ನ ಒಡೆದು ನೋಡಿದ. ಇವತ್ತು ಹೈಸ್ಕೂಲ್ ವಿಜ್ಞಾನ ಮೇಳದಲ್ಲಿ ನಿಂಬೆಹಣ್ಣಿನ ಬ್ಯಾಟರಿ ಮಾಡ್ತಾರಲ್ಲ, ಹೆಚ್ಚುಕಮ್ಮಿ ಅದೇ ಮಟ್ಟದ್ದು. ಆಗ ಅವನಿಗೆ ಇಪ್ಪತ್ತು ವರ್ಷ. ಆ ವಯಸ್ಸಿಗೆ ನಮ್ಮಲ್ಲಿ ಬಹುಪಾಲು ಜನ ಐದನೇ ಸೆಮಿಸ್ಟರಿನಲ್ಲಿ ಇರ್ತೀವಿ. ಅವನು ತುಂಬಾ ಮುಂದಿದ್ದ ಅಂತೇನೂ ಹೇಳೋಕೆ ಆಗಲ್ಲ.

ಅದೇ ಅಂಗಡಿಯಲ್ಲಿ ಐಸಾಕ್ ವಾಟ್ಸ್ ಎಂಬಾತ ಬರೆದ, ಬುದ್ಧಿ ಬೆಳೆಸಿಕೊಳ್ಳೋದು ಹೇಗೆ ಅನ್ನೋ ಪುಸ್ತಕವೂ ಸಿಕ್ಕಿತ್ತು. ಈಗಿನ ಸೆಲ್ಫ್-ಹೆಲ್ಪ್ ಪುಸ್ತಕಗಳ ಮುತ್ತಜ್ಜ ಅನ್ನಬಹುದು. ಓದಿದ್ದನ್ನ ಬರೆದಿಟ್ಟುಕೋ, ಉಪನ್ಯಾಸ ಕೇಳು, ಗೆಳೆಯರ ಜೊತೆ ಪತ್ರ ಬರೆದು ಚರ್ಚೆ ಮಾಡು ಅನ್ನೋ ಥರದ ಸಲಹೆಗಳು. ಇಂಥ ಪುಸ್ತಕ ಓದಿದವರು ಲಕ್ಷಾಂತರ ಜನ ಇರ್ತಾರೆ. ಫ್ಯಾರಡೆ ಮಾತ್ರ ಹೇಳಿದ್ದನ್ನೆಲ್ಲ ನಿಜವಾಗಿ ಮಾಡಿದ. ನೋಟ್‌ಬುಕ್ ಇಟ್ಟ, ಬೆಂಜಮಿನ್ ಅಬಟ್ ಎಂಬ ಗೆಳೆಯನಿಗೆ ವಿಜ್ಞಾನದ ಬಗ್ಗೆ ಉದ್ದುದ್ದ ಪತ್ರ ಬರೆದ, ಸಂಜೆ ಉಪನ್ಯಾಸಗಳಿಗೆ ಹೋದ.

ಉಪನ್ಯಾಸ ಅಂದ್ರೆ ಜಾನ್ ಟೇಟಮ್ ಎಂಬ ಅಕ್ಕಸಾಲಿಗ ತನ್ನ ಮನೆಯಲ್ಲೇ ನಡೆಸ್ತಿದ್ದ ವಿಜ್ಞಾನದ ಪಾಠ. ಪ್ರವೇಶಕ್ಕೆ ಒಂದು ಷಿಲಿಂಗ್. ಆ ಷಿಲಿಂಗ್ ಕೊಡ್ತಿದ್ದವನು ಅಣ್ಣ ರಾಬರ್ಟ್, ಅವನೂ ಕಮ್ಮಾರ. 1810ರಲ್ಲಿ ಅಪ್ಪ ತೀರಿಕೊಂಡ ಮನೆಯಲ್ಲಿ ತಮ್ಮನ ಹುಚ್ಚಿಗೆ ಷಿಲಿಂಗ್ ಎತ್ತಿಕೊಡೋದು ಸಣ್ಣ ಮಾತಲ್ಲ. ಅಲ್ಲಿ ಕೇಳಿದ್ದನ್ನ ಫ್ಯಾರಡೆ ಮನೆಗೆ ಬಂದು ಚೊಕ್ಕವಾಗಿ ಬರೀತಿದ್ದ. ಉಪಕರಣಗಳ ಚಿತ್ರ ಸರಿಯಾಗಿ ಬರಲಿ ಅಂತ, ರೀಬೋ ಮನೆಯಲ್ಲಿ ಬಾಡಿಗೆಗಿದ್ದ ಮಾಸ್ಕೆರಿಯೆ ಎಂಬ ಚಿತ್ರಕಾರನ ಹತ್ತಿರ ಡ್ರಾಯಿಂಗ್ ಕಲಿತ. ಫೀಸಿನ ಬದಲು ಅವನ ಕೋಣೆಯ ಧೂಳು ಹೊಡೆದು, ಬೂಟು ಪಾಲಿಶ್ ಮಾಡ್ತಿದ್ದ. ಕೊನೆಗೆ ಎಲ್ಲ ನೋಟ್ಸುಗಳನ್ನ ತಾನೇ ಹೊಲಿದು, ರಟ್ಟು ಹಾಕಿ, ನಾಲ್ಕು ಸಂಪುಟ ಮಾಡಿದ.

ಮುಂದಿನ ಬಾಗಿಲು ತೆರೆದದ್ದು ಈ ಸಂಪುಟಗಳಿಂದ. ರೀಬೋ ಹೆಮ್ಮೆಯಿಂದ ಅವನ್ನ ಅಂಗಡಿಗೆ ಬಂದ ಗಿರಾಕಿಯೊಬ್ಬರಿಗೆ ತೋರಿಸಿದ. ಅದರಿಂದಾಗಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸದಸ್ಯನಾಗಿದ್ದ ಸಂಗೀತಗಾರ ವಿಲಿಯಂ ಡಾನ್ಸ್ ಈ ಹುಡುಗನಿಗೆ ಹಂಫ್ರಿ ಡೇವಿಯ ಉಪನ್ಯಾಸಕ್ಕೆ ಟಿಕೆಟ್ ಕೊಟ್ಟ. ಡೇವಿ ಆ ಕಾಲದ ಸ್ಟಾರ್. ಸೋಡಿಯಂ, ಪೊಟ್ಯಾಸಿಯಂ ಬೇರ್ಪಡಿಸಿದವನು. ಅವನ ಉಪನ್ಯಾಸಕ್ಕೆ ಲಂಡನ್ನಿನ ಶ್ರೀಮಂತರೆಲ್ಲ ಮುಗಿಬೀಳ್ತಿದ್ರು. 1812ರ ಫೆಬ್ರವರಿಯಿಂದ ಏಪ್ರಿಲ್ ಒಳಗೆ ನಾಲ್ಕು ಉಪನ್ಯಾಸಗಳನ್ನ ಫ್ಯಾರಡೆ ಗ್ಯಾಲರಿಯಲ್ಲಿ ಗಡಿಯಾರದ ಮೇಲ್ಗಡೆ ಕೂತು ಕೇಳಿದ. ಅದನ್ನೂ ಬರೆದ, ಚಿತ್ರ ಬಿಡಿಸಿದ, ಸೂಚಿ ಹಾಕಿದ, ಬೈಂಡ್ ಮಾಡಿದ. ಸುಮಾರು ಮುನ್ನೂರು ಪುಟ.

ಅದೇ ಅಕ್ಟೋಬರಿನಲ್ಲಿ ಏಳು ವರ್ಷದ ಕರಾರು ಮುಗಿದು, ಬೇರೊಬ್ಬ ಬೈಂಡರ್ ಹತ್ತಿರ ಸಂಬಳಕ್ಕೆ ಸೇರಿದ. ಕಸುಬು ಕೈಯಲ್ಲಿದೆ, ದುಡಿಮೆ ಶುರುವಾಗಿದೆ, ಮನೆಯಲ್ಲಿ ವಿಧವೆ ತಾಯಿ. ಇನ್ನು ವಿಜ್ಞಾನ ಎಲ್ಲ ಸಾಕು ಅಂತ ಯಾರಾದ್ರೂ ಹೇಳಿದ್ರೆ ತಪ್ಪು ಅನ್ನೋಕೆ ಆಗ್ತಿರಲಿಲ್ಲ. ಅವನಿಗೆ ಮಾತ್ರ ಈ ಕೆಲಸ ಸಹಿಸೋಕೆ ಆಗ್ತಿಲ್ಲ. ಅದಕ್ಕೂ ಮುಂಚೆ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಯಾವುದಾದ್ರೂ ಕೆಲಸ ಕೊಡಿ ಅಂತ ಪತ್ರ ಬರೆದಿದ್ದ. ಉತ್ತರವೇ ಬರಲಿಲ್ಲ. (ಇಂಟರ್ನ್‌ಶಿಪ್ಪಿಗೆ ಮೇಲ್ ಹಾಕಿ ಕಾಯ್ತಿರೋ ಗೆಳೆಯರು ಗಮನಿಸಿ.) ಡಿಸೆಂಬರಿನಲ್ಲಿ ಡೇವಿಗೆ ಬರೆದ. ಈ ಸಲ ಬರೀ ಅರ್ಜಿ ಕಳಿಸಲಿಲ್ಲ, ಜೊತೆಗೆ ಆ ಬೈಂಡ್ ಮಾಡಿದ ನೋಟ್ಸನ್ನೂ ಕಳಿಸಿದ.

ಡೇವಿ ಕ್ರಿಸ್‌ಮಸ್ ಹಿಂದಿನ ದಿನ ಉತ್ತರ ಬರೆದ, ಜನವರಿಯಲ್ಲಿ ಕರೆಸಿ ಮಾತಾಡಿಸಿದ. ಆದ್ರೆ ಕೆಲಸ ಖಾಲಿ ಇಲ್ಲ. ವಿಜ್ಞಾನ ನಂಬಿದವರಿಗೆ ದುಡ್ಡು ಕಾಣಲ್ಲ, ಬೈಂಡಿಂಗ್ ಬಿಡಬೇಡ ಅಂತ ಬುದ್ಧಿ ಹೇಳಿ, ಬೇಕಾದ್ರೆ ಇನ್‌ಸ್ಟಿಟ್ಯೂಷನ್ನಿನ ಬೈಂಡಿಂಗ್ ಕೆಲಸವನ್ನ ಇವನಿಗೇ ಕೊಡಿಸ್ತೀನಿ ಅಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಕೆಲವೇ ವಾರದಲ್ಲಿ ಲ್ಯಾಬಿನ ಸಹಾಯಕ ಉಪಕರಣ ತಯಾರಕನ ಜೊತೆ ಹೊಡೆದಾಡಿಕೊಂಡು ಕೆಲಸ ಕಳಕೊಂಡ. ಆ ಜಾಗಕ್ಕೆ ಡೇವಿ ಫ್ಯಾರಡೆಯನ್ನ ಕರೆದ. 1813ರ ಮಾರ್ಚ್ 1ಕ್ಕೆ ನೇಮಕ. ವಾರಕ್ಕೆ 25 ಷಿಲಿಂಗ್, ಮೇಲ್ಮಹಡಿಯಲ್ಲಿ ಎರಡು ಕೋಣೆ, ಉರುವಲು, ಮೇಣದಬತ್ತಿ. ಇದನ್ನ ಅದೃಷ್ಟ ಅನ್ನಬಹುದು. ಆದ್ರೆ ಆ ಹೊಡೆದಾಟ ನಡೆದ ದಿನ ಡೇವಿಗೆ ನೆನಪಾಗೋ ಹೆಸರು ಒಂದು ಇತ್ತು, ಮುನ್ನೂರು ಪುಟದ ಒಂದು ಪುಸ್ತಕ ಇತ್ತು.

ಸಿಕ್ಕ ಕೆಲಸ ಏನು? ಬಾಟಲಿ ತೊಳೆಯೋದು, ಬೀಟ್‌ರೂಟಿನಿಂದ ಸಕ್ಕರೆ ತೆಗೆಯೋದು, ಡೇವಿಯ ಕಣ್ಣಿಗೆ ಆಗಲೇ ಗಾಯ ಮಾಡಿದ್ದ ಸ್ಫೋಟಕವನ್ನ ಮತ್ತೆ ತಯಾರಿಸೋದು. ಅದು ಇವನ ಕೈಯಲ್ಲೂ ಸಿಡಿಯಿತು. ಅದೇ ಅಕ್ಟೋಬರಿನಲ್ಲಿ ಡೇವಿ ಯೂರೋಪ್ ಪ್ರವಾಸ ಹೊರಟ. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೀತಿದ್ದ ಕಾಲ. ಡೇವಿಯ ಸೇವಕ ಹೆದರಿ ಬರಲ್ಲ ಅಂದ. ಬೇರೆಯವನು ಸಿಗೋವರೆಗೆ ಬಟ್ಟೆ ಬರೆ ನೋಡಿಕೊಳ್ಳೋ ಕೆಲಸವೂ ಸಹಾಯಕನ ತಲೆಗೇ ಬಂತು. ಬೇರೆಯವನು ಸಿಗಲೇ ಇಲ್ಲ. ಡೇವಿಯ ಹೆಂಡತಿ ಇವನನ್ನ ಆಳಿನ ಥರ ನಡೆಸಿಕೊಂಡು, ಆಳುಗಳ ಜೊತೆ ಊಟಕ್ಕೆ ಕೂರಿಸ್ತಿದ್ದಳು. ಎಲ್ಲ ಬಿಟ್ಟು ಊರಿಗೆ ಹೋಗಿಬಿಡೋಣ ಅಂತ ಎಷ್ಟೋ ಸಲ ಅನಿಸಿತ್ತು ಅನ್ನೋದು ಅವನ ಪತ್ರಗಳಿಂದ ಗೊತ್ತಾಗುತ್ತೆ. ಆದ್ರೆ ಪ್ಯಾರಿಸ್ಸಿನಲ್ಲಿ ಆಂಪಿಯರ್ ಸಿಕ್ಕ, ಅಲ್ಲೇ ಅಯೋಡಿನ್ ಒಂದು ಹೊಸ ಮೂಲವಸ್ತು ಅಂತ ಡೇವಿ ಕಂಡುಹಿಡಿಯೋದನ್ನ ಪಕ್ಕದಲ್ಲೇ ನಿಂತು ನೋಡಿದ. ಫ್ಲಾರೆನ್ಸಿನಲ್ಲಿ ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿ ವಜ್ರ ಸುಟ್ಟು, ಅದು ಬರೀ ಇಂಗಾಲ ಅಂತ ತೋರಿಸಿದರು. ಮಿಲಾನಿನಲ್ಲಿ ಮುದುಕ ವೋಲ್ಟಾನನ್ನ ಕಂಡ. ಡಿಗ್ರಿ ಇಲ್ಲದವನಿಗೆ ಅದೇ ಕಾಲೇಜು. ಹದಿನೆಂಟು ತಿಂಗಳು ಮೂಗು ಮುಚ್ಚಿಕೊಂಡು ಕಲಿತುಬಂದ.

ವಾಪಸ್ ಬಂದಮೇಲೆ ಆರು ವರ್ಷ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಸುಣ್ಣ, ಉಕ್ಕು, ಅನಿಲ ಅಂತ ಬಂದಬಂದ ಕೆಲಸ ಮಾಡಿಕೊಂಡಿದ್ದ. ಮಾತಾಡೋ ಶೈಲಿ ತಿದ್ದಿಕೊಳ್ಳೋಕೆ ದುಡ್ಡು ಕೊಟ್ಟು ಭಾಷಣ ಕಲೆಯ ಪಾಠಕ್ಕೆ ಹೋದ. ಜನ್ಮತಃ ಮಾತುಗಾರ ಅಂತ ಮುಂದೆ ಇಡೀ ಲಂಡನ್ ಮೆಚ್ಚಿದ ಮನುಷ್ಯ ಅದನ್ನ ಕಲಿತದ್ದು ಟ್ಯೂಷನ್ನಿನಲ್ಲಿ.

1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ವಿದ್ಯುತ್ ಹರಿಯೋ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗೋದನ್ನ ಕಂಡಮೇಲೆ ಯೂರೋಪಿನಲ್ಲೆಲ್ಲ ಪ್ರಬಂಧಗಳ ಸುರಿಮಳೆ. ಮರುವರ್ಷ ರಿಚರ್ಡ್ ಫಿಲಿಪ್ಸ್ ಎಂಬ ಸಂಪಾದಕ ಗೆಳೆಯ, ಇಲ್ಲಿವರೆಗೆ ಆಗಿರೋದನ್ನೆಲ್ಲ ಸೇರಿಸಿ ಒಂದು ಸಮೀಕ್ಷೆ ಬರೆದುಕೊಡು ಅಂತ ಫ್ಯಾರಡೆಯನ್ನ ಕೇಳಿದ. ನಮ್ಮ ಲಿಟರೇಚರ್ ಸರ್ವೆ ಇದ್ದಹಾಗೆ. ನಾವಾಗಿದ್ರೆ ಹತ್ತು ಪೇಪರಿನ ಸಾರಾಂಶ ತೆಗೆದು ಮುಗಿಸ್ತಿದ್ವಿ. ಅವನು ಪ್ರಕಟವಾಗಿದ್ದ ಪ್ರಯೋಗಗಳನ್ನ ಒಂದೊಂದಾಗಿ ತನ್ನ ಲ್ಯಾಬಿನಲ್ಲಿ ಮಾಡಿ ನೋಡಿದ. ಮಾಡ್ತಾ ಮಾಡ್ತಾ ಮುಳ್ಳು ತಂತಿಯ ಸುತ್ತ ಸುತ್ತುಹೊಡೆಯೋಕೆ ಹವಣಿಸುತ್ತಿದೆ ಅನ್ನೋದು ಹೊಳೀತು. 1821ರ ಸೆಪ್ಟೆಂಬರ್ ಮೊದಲ ವಾರ, ಪಾದರಸದ ಬಟ್ಟಲಿನಲ್ಲಿ ಆಯಸ್ಕಾಂತ ನಿಲ್ಲಿಸಿ, ಮೇಲಿಂದ ತಂತಿ ಇಳಿಬಿಟ್ಟು, ಬ್ಯಾಟರಿ ಜೋಡಿಸಿದ. ತಂತಿ ಗಿರಗಿರ ಸುತ್ತಿತು. ವಿದ್ಯುತ್ತಿನಿಂದ ಸತತವಾಗಿ ತಿರುಗಿದ ಮೊದಲ ಸಾಧನ ಅದು. ಆಗಷ್ಟೇ ಸಾರಾ ಬರ್ನಾರ್ಡ್ ಜೊತೆ ಮದುವೆಯಾಗಿತ್ತು. ಹೆಂಡತಿಯ ತಮ್ಮನ ಜೊತೆ ಮೇಜಿನ ಸುತ್ತ ಕುಣಿದು, ಆ ಹುಡುಗನನ್ನ ಸರ್ಕಸ್ಸಿಗೆ ಕರಕೊಂಡು ಹೋದನಂತೆ.

ಖುಷಿ ಬಹಳ ದಿನ ಉಳಿಯಲಿಲ್ಲ. ಅದೇ ವರ್ಷ ವೊಲಾಸ್ಟನ್ ಎಂಬ ಹಿರಿಯ ವಿಜ್ಞಾನಿ ಡೇವಿಯ ಜೊತೆ ಸೇರಿ ತಂತಿ ತಿರುಗಿಸೋ ಪ್ರಯತ್ನ ಮಾಡಿ ಸೋತಿದ್ದ. ಫ್ಯಾರಡೆ ಅವಸರದಲ್ಲಿ ಪ್ರಬಂಧ ಪ್ರಕಟಿಸಿದಾಗ ಅವರ ಹೆಸರು ಹೇಳಿರಲಿಲ್ಲ. ಕದ್ದ ಅನ್ನೋ ಮಾತು ಹಬ್ಬಿತು. ವೊಲಾಸ್ಟನ್ನನ ಉಪಾಯಕ್ಕೂ ಇವನ ಪ್ರಯೋಗಕ್ಕೂ ವ್ಯತ್ಯಾಸ ಇತ್ತು, ಫ್ಯಾರಡೆ ಹೋಗಿ ವಿವರಿಸಿದ ಮೇಲೆ ಆತ ದೊಡ್ಡದು ಮಾಡಲಿಲ್ಲ. ದೊಡ್ಡದು ಮಾಡಿದವನು ಡೇವಿ. ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಫ್ಯಾರಡೆ ಹೆಸರು ಬಂದಾಗ, ಆಗ ಅಧ್ಯಕ್ಷನಾಗಿದ್ದ ಅದೇ ಡೇವಿ ಅರ್ಜಿ ವಾಪಸ್ ತಗೋ ಅಂತ ಒತ್ತಾಯ ಮಾಡಿದ. 1824ರ ಜನವರಿಯಲ್ಲಿ ಫ್ಯಾರಡೆ ಆಯ್ಕೆಯಾದ, ಒಂದೇ ಒಂದು ವಿರೋಧ ಮತ ಬಿತ್ತು. ಆ ಮತ ಯಾರದ್ದು ಅಂತ ಊಹಿಸೋದನ್ನ ಓದುಗರಿಗೇ ಬಿಡ್ತೇವೆ. ಡೇವಿಯನ್ನ ಬೈಯೋದು ಸುಲಭ. ಆದ್ರೆ ಬೈಂಡರ್ ಹುಡುಗನಿಗೆ ಬಾಗಿಲು ತೆರೆದವನೂ ಅವನೇ ಅನ್ನೋದನ್ನ ಫ್ಯಾರಡೆ ಕೊನೆವರೆಗೂ ಮರೀಲಿಲ್ಲ. ಗುರುವಿನ ಬಗ್ಗೆ ಕೆಟ್ಟ ಮಾತು ಆಡಲಿಲ್ಲ.

ಈಗ ನಾವು ಸ್ವಲ್ಪ ನಿಂತು ಹೇಳಬೇಕಾದ ಭಾಗ ಬಂತು. ಇವನ ಜೀವನಚರಿತ್ರೆ ಹೇಳುವವರು ಇದನ್ನ ಸಾಮಾನ್ಯವಾಗಿ ಹಾರಿಸಿಬಿಡ್ತಾರೆ. 1825ರ ನಂತರ ಫ್ಯಾರಡೆಯ ತಲೆ ಮೇಲೆ ಬಿದ್ದದ್ದು ಗಾಜಿನ ಕೆಲಸ. ದೂರದರ್ಶಕಗಳಿಗೆ ಒಳ್ಳೆಯ ಗಾಜು ಬೇಕು ಅಂತ ರಾಯಲ್ ಸೊಸೈಟಿ ಒಂದು ಸಮಿತಿ ಮಾಡಿತು, ಗಾಜು ಕರಗಿಸೋ ಹೊಣೆ ಇವನಿಗೆ ಬಂತು. ಇನ್‌ಸ್ಟಿಟ್ಯೂಷನ್ನಿನಲ್ಲೇ ಕುಲುಮೆ ಕಟ್ಟಿದರು. ಸಹಾಯಕ್ಕೆ ಆಂಡರ್ಸನ್ ಎಂಬ ಮಾಜಿ ಸೈನಿಕ ಬಂದ. ಈ ಆಂಡರ್ಸನ್ನನಿಗೆ ಒಂದು ಸಲ ಮನೆಗೆ ಹೋಗು ಅಂತ ಹೇಳೋದನ್ನ ಫ್ಯಾರಡೆ ಮರೆತನಂತೆ. ಬೆಳಿಗ್ಗೆ ಬಂದು ನೋಡಿದ್ರೆ ಅವನು ರಾತ್ರಿಯಿಡೀ ಕುಲುಮೆಗೆ ಕಲ್ಲಿದ್ದಲು ಹಾಕ್ತಾ ಕೂತಿದ್ದ. ವರ್ಷಗಟ್ಟಲೆ ಹೀಗೇ ನಡೀತು. ಗಾಜಿನಲ್ಲಿ ಗುಳ್ಳೆ, ಗೆರೆ, ಮಸುಕು. ಅಂದುಕೊಂಡ ಮಟ್ಟದ ಗಾಜು ಬರಲೇ ಇಲ್ಲ. ಮನಸ್ಸೆಲ್ಲ ವಿದ್ಯುತ್ತಿನ ಕಡೆ, ಕೈ ಮಾತ್ರ ಕುಲುಮೆಯಲ್ಲಿ.

ವಿದ್ಯುತ್ತಿನಿಂದ ಅಯಸ್ಕಾಂತತ್ವ ಬರುತ್ತೆ ಅಂದ್ರೆ, ಅಯಸ್ಕಾಂತದಿಂದ ವಿದ್ಯುತ್ ಯಾಕೆ ಬರಬಾರದು? ಈ ಪ್ರಶ್ನೆ ಅವನನ್ನ ಬಿಟ್ಟಿರಲಿಲ್ಲ. 1820ರ ದಶಕದಲ್ಲಿ ಬಿಡುವು ಸಿಕ್ಕಾಗ ಮೂರು ನಾಲ್ಕು ಸಲ ಪ್ರಯತ್ನ ಮಾಡಿ, ಏನೂ ಆಗಲಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಇದೇ ಪ್ರಶ್ನೆ ಹಿಡಿದವರು ಬೇರೆಯವರೂ ಇದ್ದರು. ಜಿನೀವಾದ ಕೊಲಾಡನ್ ಕಾಯಿಲ್ ಒಳಗೆ ಆಯಸ್ಕಾಂತ ತೂರಿಸಿದ. ಆದ್ರೆ ಆಯಸ್ಕಾಂತದ ಪ್ರಭಾವ ನೇರವಾಗಿ ತಾಗದಿರಲಿ ಅಂತ ಗ್ಯಾಲ್ವನೋಮೀಟರನ್ನ ಇನ್ನೊಂದು ಕೋಣೆಯಲ್ಲಿ ಇಟ್ಟಿದ್ದ. ತೂರಿಸಿ, ನಡೆದುಕೊಂಡು ಹೋಗಿ ನೋಡೋವಷ್ಟರಲ್ಲಿ ಮುಳ್ಳು ಸುಮ್ಮನಾಗಿರ್ತಿತ್ತು. ಒಬ್ಬ ಸಹಾಯಕ ಇದ್ದಿದ್ರೆ ಇವತ್ತು ನಾವು ಕೊಲಾಡನ್ ನಿಯಮ ಓದ್ತಿದ್ವೋ ಏನೋ.

1829ರಲ್ಲಿ ಡೇವಿ ತೀರಿಕೊಂಡ. 1831ರ ಜುಲೈನಲ್ಲಿ ಫ್ಯಾರಡೆ ಗಾಜಿನ ಕೆಲಸದಿಂದ ಬಿಡುಗಡೆ ಕೇಳಿ ಪತ್ರ ಬರೆದ. ಆಗಸ್ಟ್ 29ಕ್ಕೆ ಆ ಪ್ರಸಿದ್ಧ ಉಂಗುರದ ಪ್ರಯೋಗ. ಅಂದ್ರೆ ಬಿಡುಗಡೆ ಕೇಳಿ ಎರಡು ತಿಂಗಳು ಕೂಡ ಆಗಿರಲಿಲ್ಲ.

ಆರು ಇಂಚು ಅಗಲದ ಮೆದುಕಬ್ಬಿಣದ ಉಂಗುರ, ಎರಡು ಬದಿಗೆ ಬೇರೆ ಬೇರೆ ತಾಮ್ರದ ಸುರುಳಿ. ಆಗ ಇನ್ಸುಲೇಟೆಡ್ ವೈರ್ ಅಂಗಡಿಯಲ್ಲಿ ಸಿಗ್ತಿರಲಿಲ್ಲ. ಸುತ್ತು ಸುತ್ತಿನ ನಡುವೆ ದಾರ, ಪದರ ಪದರದ ನಡುವೆ ಹತ್ತಿ ಬಟ್ಟೆ ಇಟ್ಟು ಕೈಯಲ್ಲೇ ಸುತ್ತಬೇಕು. ದಾರ, ಬಟ್ಟೆ, ಬಿಗಿ, ತಾಳ್ಮೆ. ಇದೆಲ್ಲ ಬೈಂಡಿಂಗ್ ಅಂಗಡಿಯ ವಿದ್ಯೆ ಅಂತ ನಮಗೆ ಅನಿಸುತ್ತೆ. ಆ ಉಂಗುರ ಇವತ್ತಿಗೂ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇದೆ. ಫೋಟೋ ನೋಡಿದ್ರೆ ಯಾರೋ ಶ್ರದ್ಧೆಯಿಂದ ಹೊಲಿದ ಹಾಗೆ ಕಾಣುತ್ತೆ.

ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದ ಕ್ಷಣ ಇನ್ನೊಂದು ಸುರುಳಿಯ ಬಳಿಯಿದ್ದ ಮುಳ್ಳು ಅಲುಗಾಡಿ ಮತ್ತೆ ಮೊದಲಿನ ಜಾಗಕ್ಕೆ ಬಂತು. ಬ್ಯಾಟರಿ ತೆಗೆದಾಗ ಮತ್ತೆ ಅಲುಗಿತು. ನಡುವೆ ಕರೆಂಟು ಹರೀತಾನೇ ಇದ್ರೂ ಮುಳ್ಳು ಸುಮ್ಮನೆ. ಎಲ್ಲರೂ ನಿಂತಿರೋ ಪರಿಣಾಮ ಹುಡುಕ್ತಿದ್ರು, ಇದು ಬದಲಾಗೋವಾಗ ಮಾತ್ರ ಬರೋದು. ನಮ್ಮ ಸೂತ್ರದಲ್ಲಿ ಕಾಲಕ್ಕೆ ಸಂಬಂಧಿಸಿದ ಡೆರಿವೇಟಿವ್ ಇರೋದು ಇದಕ್ಕೇ. ಅಕ್ಟೋಬರ್ 17ಕ್ಕೆ ಕಾಯಿಲ್ ಒಳಗೆ ಆಯಸ್ಕಾಂತ ತೂರಿಸಿ ಕರೆಂಟು ಪಡೆದ. ಅಕ್ಟೋಬರ್ 28ಕ್ಕೆ ದೊಡ್ಡ ಆಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆ ತಿರುಗಿಸಿ ಸತತವಾಗಿ ಕರೆಂಟು ಬರೋಹಾಗೆ ಮಾಡಿದ. ನವೆಂಬರ್ 24ರಂದು ಪ್ರಬಂಧ ಓದಿದ. ಆಗ ವಯಸ್ಸು ನಲವತ್ತು. 1902ರಲ್ಲಿ ನಮ್ಮ ಶಿವನಸಮುದ್ರದಲ್ಲಿ ಕಾವೇರಿ ನೀರು ತಿರುಗಿಸಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಜನರೇಟರುಗಳೊಳಗೆ ನಡೀತಿದ್ದದ್ದು ಇದೇ ವಿದ್ಯಮಾನ.

ಈ ಯಂತ್ರಕ್ಕೆ ಮುಂದೆ ತೆರಿಗೆ ಹಾಕಬಹುದು ಅಂತ ಫ್ಯಾರಡೆ ಮಂತ್ರಿಯೊಬ್ಬನಿಗೆ ಹೇಳಿದ ಅನ್ನೋ ಕತೆ ವಾಟ್ಸಾಪಿನಲ್ಲಿ ಬಹಳ ಓಡಾಡುತ್ತೆ. ಆ ಕಾಲದ ದಾಖಲೆಗಳಲ್ಲಿ ಅದಕ್ಕೆ ಗಟ್ಟಿ ಆಧಾರ ಇಲ್ಲ, ಹಾಗಾಗಿ ಬಿಟ್ಟುಬಿಡೋಣ. ಅದಕ್ಕಿಂತ ಸ್ವಾರಸ್ಯದ ವಿಷಯ ದುಡ್ಡಿನದ್ದೇ ಇನ್ನೊಂದಿದೆ. 1830ರಲ್ಲಿ ಕಂಪನಿಗಳಿಗೆ, ಕೋರ್ಟುಗಳಿಗೆ ರಸಾಯನದ ಸಲಹೆ ಕೊಟ್ಟು ಅವನು ಸಾವಿರ ಪೌಂಡಿಗೂ ಜಾಸ್ತಿ ದುಡಿದ ಅಂತ ಅವನ ಉತ್ತರಾಧಿಕಾರಿ ಟಿಂಡಲ್ ಬರೆದಿದ್ದಾನೆ. ಇನ್‌ಸ್ಟಿಟ್ಯೂಷನ್ನಿನ ಸಂಬಳ ವರ್ಷಕ್ಕೆ ನೂರು ಪೌಂಡ್ ಇತ್ತು. ಬೇಕಿದ್ರೆ ಸಲಹೆಯ ಕೆಲಸವನ್ನೇ ಬೆಳೆಸಿ ಶ್ರೀಮಂತನಾಗಬಹುದಿತ್ತು. 1831ರ ನಂತರ ಅದನ್ನ ಬೇಗ ಬೇಗ ಕಡಿಮೆ ಮಾಡುತ್ತಾ ಬಂದ. ಸಮಯ ವಾಪಸ್ ಬೇಕಿತ್ತು. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಇದನ್ನ ಬರೀತಿರೋದರಿಂದ, ಎಲ್ಲರೂ ಹೀಗೇ ಮಾಡಿ ಅಂತ ಹೇಳೋ ಧೈರ್ಯ ನಮಗಿಲ್ಲ. ಅವನಿಗೆ ಮಕ್ಕಳಿರಲಿಲ್ಲ, ಸರಳ ಬದುಕನ್ನ ಹೇಳಿಕೊಡೋ ಸಣ್ಣ ಕ್ರೈಸ್ತ ಪಂಗಡವೊಂದಕ್ಕೆ ಸೇರಿದ್ದ, ಹೆಂಡತಿಯೂ ಅದೇ ಪಂಗಡದವಳು. ಅದೂ ಲೆಕ್ಕಕ್ಕೆ ಬರಬೇಕು.

ಇನ್ನೊಂದು ವಿಷಯ ನಮ್ಮವರಿಗೆ ಸಮಾಧಾನ ಕೊಡಬಹುದು. ಫ್ಯಾರಡೆಗೆ ಗಣಿತ ಬರ್ತಿರಲಿಲ್ಲ. ಕ್ಯಾಲ್ಕುಲಸ್ ಇರಲಿ, ಬೀಜಗಣಿತವೂ ಅಷ್ಟಕ್ಕಷ್ಟೇ. ಆಂಪಿಯರ್ ಪ್ರಬಂಧಗಳ ಸಮೀಕರಣಗಳು ಅವನಿಗೆ ದಾಟಲಾಗದ ಗೋಡೆ. ಅದಕ್ಕೇ ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಆ ಗೆರೆಗಳನ್ನೇ ನೋಡಿ ನೋಡಿ, ಜಾಗದಲ್ಲಿ ನಿಜಕ್ಕೂ ಬಲರೇಖೆಗಳಿವೆ ಅಂತ ಯೋಚನೆ ಮಾಡೋಕೆ ಕಲಿತ. ದೊಡ್ಡ ಗಣಿತಜ್ಞರು ಇದನ್ನ ಗಂಭೀರವಾಗಿ ತಗೊಳ್ಳಲಿಲ್ಲ. ತಗೊಂಡವನು, ಪ್ರೇರಣೆ ಕಂಡುಹಿಡಿದ ಅದೇ 1831ರಲ್ಲಿ ಹುಟ್ಟಿದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಮೂರನೇ, ನಾಲ್ಕನೇ ಸೆಮಿಸ್ಟರಿನಲ್ಲಿ ನಮ್ಮ ನಿದ್ದೆಗೆಡಿಸೋ ಸಮೀಕರಣಗಳ ಹಿಂದೆ ಇರೋದು, ಗಣಿತ ಬರದವನೊಬ್ಬ ನೋಡಿದ ಕಬ್ಬಿಣದ ಪುಡಿಯ ಗೆರೆಗಳು.

ಮೂವತ್ತರ ದಶಕವೆಲ್ಲ ಕೆಲಸವೋ ಕೆಲಸ. ವಿದ್ಯುದ್ವಿಭಜನೆಯ ನಿಯಮಗಳು, ಫ್ಯಾರಡೆ ಪಂಜರ, ಶುಕ್ರವಾರ ಸಂಜೆಯ ಉಪನ್ಯಾಸಗಳು, ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು. ಈ ಕ್ರಿಸ್‌ಮಸ್ ಸರಣಿಗಳನ್ನ ಒಟ್ಟು 19 ಸಲ ಅವನೇ ನಡೆಸಿದ. ಷಿಲಿಂಗ್ ಕೊಟ್ಟು ಪಾಠ ಕೇಳಿದ ಹುಡುಗನಿಗೆ ಅದು ಬರೀ ಡ್ಯೂಟಿ ಆಗಿರಲಾರದು. 1839ರ ಕೊನೆಗೆ ದೇಹವೂ ತಲೆಯೂ ಕುಸಿದವು. ತಲೆಸುತ್ತು, ಮರೆವು. ಹೇಳಿದ್ದು ನೆನಪಿರ್ತಿರಲಿಲ್ಲ, ಮಾಡಿದ್ದು ನೆನಪಿರ್ತಿರಲಿಲ್ಲ. ಕೆಲವು ವರ್ಷ ಸಂಶೋಧನೆ ಹೆಚ್ಚುಕಡಿಮೆ ನಿಂತೇಹೋಯ್ತು. 1841ರಲ್ಲಿ ಚೇತರಿಸಿಕೊಳ್ಳೋಕೆ ಸ್ವಿಟ್ಜರ್ಲೆಂಡಿಗೆ ಹೋದಾಗ, ಇಂಟರ್‌ಲಾಕೆನ್ ಊರಿನಲ್ಲಿ ಮೊಳೆ ಮಾಡೋ ಕಮ್ಮಾರರನ್ನ ನೋಡ್ತಾ ನಿಂತಿದ್ದನ್ನ ದಿನಚರಿಯಲ್ಲಿ ಬರೆದಿದ್ದಾನೆ. ಕುಲುಮೆ ಕಂಡ್ರೆ ತನಗೆ ಇಷ್ಟ, ತನ್ನಪ್ಪನೂ ಕಮ್ಮಾರನಾಗಿದ್ದ ಅಂತ. ಹುಚ್ಚಿಗೆ ಬೆಲೆಯೂ ಇರುತ್ತೆ ಅನ್ನೋದನ್ನ ಭಾಷಣಕಾರರು ಹೇಳಲ್ಲ, ಆ ವರ್ಷಗಳನ್ನ ಓದಿದಾಗ ನಮಗೆ ಗೊತ್ತಾಗುತ್ತೆ.

ಮರೆವು ಪೂರ್ತಿ ಹೋಗಲಿಲ್ಲ. ಆದ್ರೆ ನೋಟ್‌ಬುಕ್ ಇತ್ತು. 1832ರಿಂದ ಪ್ರತಿಯೊಂದು ಟಿಪ್ಪಣಿಗೂ ಕ್ರಮಸಂಖ್ಯೆ ಹಾಕ್ತಾ ಬಂದಿದ್ದ, ಅದು ಕೊನೆಗೆ ಹದಿನಾರು ಸಾವಿರ ದಾಟಿತು. ನೆನಪು ಕೈಕೊಟ್ಟಾಗ ಟೇಟಮ್ ಮನೆಯಲ್ಲಿ ಶುರುವಾದ ಆ ಬರೆದಿಡೋ ಅಭ್ಯಾಸವೇ ಅವನ ನೆನಪಾಯ್ತು. 1845ರಲ್ಲಿ ಮತ್ತೆ ಲ್ಯಾಬಿಗೆ ಇಳಿದ. ಬೆಳಕಿಗೂ ಅಯಸ್ಕಾಂತಕ್ಕೂ ಸಂಬಂಧ ಇರಲೇಬೇಕು ಅಂತ ಅವನ ಗುಮಾನಿ. ಧ್ರುವೀಕರಿಸಿದ ಬೆಳಕನ್ನ ಗಾಳಿ, ಬೇರೆ ಬೇರೆ ಗಾಜು, ಹರಳುಗಳ ಮೂಲಕ ಹಾಯಿಸಿದ. ಏನೂ ಆಗಲಿಲ್ಲ. ಸೆಪ್ಟೆಂಬರ್ 13ರಂದು ಕಪಾಟಿನಲ್ಲಿದ್ದ ಒಂದು ಹಳೇ ಸೀಸದ ಗಾಜಿನ ತುಂಡು ತೆಗೆದು ಆಯಸ್ಕಾಂತದ ಬಳಿ ಇಟ್ಟ. ಬೆಳಕಿನ ಧ್ರುವೀಕರಣದ ದಿಕ್ಕು ತಿರುಗಿತು. ಆ ಗಾಜು ಯಾವುದು ಅಂದ್ರೆ, ಹದಿನೈದು ವರ್ಷದ ಹಿಂದೆ ಆಂಡರ್ಸನ್ ಜೊತೆ ಬೇಸರದಲ್ಲಿ ಕರಗಿಸಿದ, ದೂರದರ್ಶಕಕ್ಕೆ ಉಪಯೋಗಕ್ಕೆ ಬಾರದೇ ಹೋದ ಅದೇ ಗಾಜು.

ವಯಸ್ಸಾಗುತ್ತಾ ಬಂತು. ರಾಯಲ್ ಸೊಸೈಟಿಯ ಅಧ್ಯಕ್ಷತೆ ಹುಡುಕಿಕೊಂಡು ಬಂದಾಗ ಬೇಡ ಅಂದ. 1858ರಲ್ಲಿ ರಾಣಿ ಹ್ಯಾಂಪ್ಟನ್ ಕೋರ್ಟ್ ಬಳಿ ಇರೋಕೆ ಒಂದು ಮನೆ ಕೊಟ್ಟಳು. 1862ರ ಮಾರ್ಚ್‌ನಲ್ಲಿ, ಎಪ್ಪತ್ತು ದಾಟಿದ ಮೇಲೆ, ಕೊನೆಯ ಬಾರಿ ಲ್ಯಾಬಿನಲ್ಲಿ ನಿಂತ. ಜ್ವಾಲೆಯೊಂದನ್ನ ಆಯಸ್ಕಾಂತದ ಧ್ರುವಗಳ ನಡುವೆ ಇಟ್ಟು, ಅದರ ವರ್ಣಪಟಲದ ಗೆರೆಗಳು ಬದಲಾಗುತ್ತವಾ ಅಂತ ನೋಡಿದ. ಏನೂ ಬದಲಾಗಲಿಲ್ಲ. ಏನೂ ಕಾಣಲಿಲ್ಲ ಅಂತ ಎಂದಿನಂತೆ ಬರೆದಿಟ್ಟ. 1867ರ ಆಗಸ್ಟ್ 25ರಂದು ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡ. ಹೈಗೇಟ್ ಸ್ಮಶಾನದಲ್ಲಿರೋ ಕಲ್ಲಿನ ಮೇಲೆ ಹೆಸರು ಮತ್ತು ಎರಡು ತಾರೀಖು ಬಿಟ್ಟು ಬೇರೇನೂ ಇಲ್ಲ.

ಆ ಕೊನೆಯ, ಸೋತ ಪ್ರಯೋಗದ ವಿಷಯವನ್ನ ಮ್ಯಾಕ್ಸ್‌ವೆಲ್ ಫ್ಯಾರಡೆ ಬಗ್ಗೆ ಬರೆದ ಲೇಖನದಲ್ಲಿ ಹೇಳಿದ್ದ. ಹಾಲೆಂಡಿನ ಪೀಟರ್ ಜೀಮನ್ ಅನ್ನೋ ಯುವಕ ಅದನ್ನ ಓದಿ, ಫ್ಯಾರಡೆಯಂಥವನಿಗೆ ಇದು ಸಾಧ್ಯ ಅನಿಸಿದ್ರೆ ಇನ್ನೊಂದು ಸಲ ನೋಡೋದು ಒಳ್ಳೇದು ಅಂತ, 1896ರಲ್ಲಿ ಇನ್ನೂ ಉತ್ತಮ ಉಪಕರಣ ಇಟ್ಟುಕೊಂಡು ಅದೇ ಪ್ರಯೋಗ ಮಾಡಿದ. ಈ ಸಲ ಗೆರೆಗಳು ಅಗಲವಾದವು.